ಆಟದ ಕಾರಿಗೆ ಚುಕ್ಕಾಣಿಯನ್ನು ಹದಗೊಳಿಸುವ ಕ್ರಮ

ಧಾನ್ಯವನ್ನು ತೂಗುವ ಅಂಗಡಿಯವನು ಮೊದಲು ಬರಿಯ ತಕ್ಕಡಿಯನ್ನು ಎತ್ತಿ ಹಿಡಿದು ಅದರ ಮುಳ್ಳನ್ನು ನೋಡುವನು. ಮುಳ್ಳು ನಡುವೆ ನಿಂತರೆ ಮಾತ್ರ ತೂಕವು ನಿಜವಾದುದು. ಅದು ಒಂದು ಕಡೆಗೆ ವಾಲಿದ್ದರೆ ಎಷ್ಟು ಎಚ್ಚರದಿಂದ ತೂಗಿದರೂ ಲೆಕ್ಕವು ತಪ್ಪುವುದು. ಅಳೆಯುವ ಮೊದಲು ಅಳತೆಯ ಸಾಧನವನ್ನೇ ಪರೀಕ್ಷಿಸಬೇಕೆಂಬ ಈ ನಿಯಮವು ಪ್ರಯೋಗಶಾಲೆಗೆ ಮಾತ್ರ ಮೀಸಲಾದುದಲ್ಲ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ರಜೆಯ ದಿನಗಳಲ್ಲಿ ಕಂಪ್ಯೂಟರಿನಲ್ಲಿ ಆಡುವ ಕಾರಿನ ಪಂದ್ಯಕ್ಕೂ ಅದು ಸಲ್ಲುವುದು.

ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮಲ್ಲಿ ಬಂದು ತನ್ನ ಅಳಲನ್ನು ತೋಡಿಕೊಂಡನು. ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಅವನು ಆಡುವಾಗ ನೆಟ್ಟಗಿನ ದಾರಿಯಲ್ಲಿಯೂ ಕಾರು ಹಾವಿನಂತೆ ಹರಿಯುವುದು. ತಿರುವಿನಲ್ಲಂತೂ ಹುಲ್ಲಿಗೆ ಇಳಿಯದ ದಿನವಿಲ್ಲ. "ನನ್ನ ಕೈಯೇ ಸರಿಯಿಲ್ಲ, ಸರ್" ಎಂದನು. ಗೆಳೆಯರು ನಗುವರೆಂದು ಅವರೊಡನೆ ಆಡುವುದನ್ನೇ ಬಿಟ್ಟಿದ್ದನು. ಸ್ಟಿಯರಿಂಗ್ ಚಕ್ರವನ್ನು ಕೊಡಿಸಿರೆಂದು ತಂದೆಯನ್ನು ಕಾಡುತ್ತಲೂ ಇದ್ದನು. ತಂದೆಯವರು ಹೋಟೆಲೊಂದರಲ್ಲಿ ದುಡಿಯುವವರು. ಅಂಥ ಚಕ್ರದ ಬೆಲೆಯು ಅವರ ಒಂದು ತಿಂಗಳ ಸಂಬಳವನ್ನೇ ನುಂಗುವಂಥದು. ನಾವು ಮನೆಗೆ ಹೋಗಿ ನೋಡಲಾಗಿ, ಆಟದ ಸೆಟ್ಟಿಂಗ್ಸ್ ಪುಟವನ್ನು ಅವನು ಒಮ್ಮೆಯೂ ತೆರೆದಿರಲಿಲ್ಲ. ಏಕೆಂದು ಕೇಳಿದಾಗ, "ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದೆ, ಸರ್; ಏನಾದರೂ ಕೆಟ್ಟುಹೋದರೆ?" ಎಂದು ತಲೆ ತಗ್ಗಿಸಿದನು.

ಆ ಮಾತು ನಮ್ಮ ಮನಸ್ಸಿಗೆ ನಾಟಿತು. ನಾವೂ ಕನ್ನಡ ಮಾಧ್ಯಮದಲ್ಲಿಯೇ ಓದಿ, ಊರನ್ನು ಬಿಟ್ಟು ಈ ನಗರಕ್ಕೆ ಬಂದವರು. ಪರಿಚಯವಿಲ್ಲದ ಇಂಗ್ಲಿಷ್ ಮಾತುಗಳ ಮುಂದೆ, ತಿಳಿದ ವಿಷಯದಲ್ಲಿಯೂ ತಿಳಿಯದವರಂತೆ ನಿಂತ ಅನುಭವವು ನಮಗೂ ಉಂಟು. ಆದರೆ ಆ ಪುಟದಲ್ಲಿ ಮುಖ್ಯವಾದವು ಆರೇಳು ಮಾತುಗಳು ಮಾತ್ರ. ಅವುಗಳ ಹಿಂದಿರುವುದು ನೀವು ಕನ್ನಡದಲ್ಲಿಯೇ ಕಲಿತ ಗಣಿತ ಹಾಗೂ ಭೌತಶಾಸ್ತ್ರ. ಅದನ್ನು ತೋರಿಸುವುದೇ ಈ ಪಾಠದ ಉದ್ದೇಶ.

೧. ಚಲನೆಯು ಸಂಖ್ಯೆಯಾಗುವ ಬಗೆ

ಇಟಲಿಯ ಕೂನೋಸ್ ಸಿಮುಲಾಟ್ಸಿಯೋನಿ ಸಂಸ್ಥೆಯು ೨೦೧೪ರಲ್ಲಿ ಹೊರತಂದ 'ಅಸೆಟ್ಟೊ ಕೋರ್ಸಾ'ದಂಥ ಆಟದಲ್ಲಿ, ಟಯರು ನೆಲವನ್ನು ಹಿಡಿಯುವ ಬಲ, ಕಾರಿನ ಭಾರವು ಹಿಂದಕ್ಕೂ ಮುಂದಕ್ಕೂ ಸರಿಯುವ ಬಗೆ, ಇವನ್ನೆಲ್ಲ ಕಂಪ್ಯೂಟರು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರುವುದು. ಗಿಯರಿನ ಮಾತನ್ನು ಬಿಟ್ಟರೆ, ಆ ಲೆಕ್ಕಕ್ಕೆ ನಾವು ಒದಗಿಸುವ ಮುಖ್ಯ ಸಂಖ್ಯೆಗಳು ಮೂರು: ಚುಕ್ಕಾಣಿಯ ತಿರುವು, ಆಕ್ಸಿಲರೇಟರಿನ ಒತ್ತು, ಬ್ರೇಕಿನ ಒತ್ತು. ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರಿನಲ್ಲಿ ಹೆಬ್ಬೆರಳಿನ ಕೋಲನ್ನು ಎಡತುದಿಗೆ ಒತ್ತಿದರೆ -೩೨,೭೬೮ ಎಂಬ ಸಂಖ್ಯೆಯೂ, ಬಲತುದಿಗೆ ಒತ್ತಿದರೆ ೩೨,೭೬೭ ಎಂಬ ಸಂಖ್ಯೆಯೂ ಆಟಕ್ಕೆ ತಲಪುವುದು. ತೋರುಬೆರಳಿನ ಟ್ರಿಗರುಗಳು ೦ಯಿಂದ ೨೫೫ರ ವರೆಗಿನ ಸಂಖ್ಯೆಯನ್ನು ಕೊಡುವುವು.

ಈಗ ಒಂದು ಲೆಕ್ಕವನ್ನು ಮಾಡೋಣ. ಮೇಜಿಗೆ ಬಿಗಿಯುವ ಚಕ್ರವೊಂದರ ವ್ಯಾಸವು ೨೮ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ; ಪರಿಧಿಯು ೨೨/೭ × ೨೮ = ೮೮ ಸೆಂಟಿಮೀಟರ್. ಅದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ೯೦೦ ಡಿಗ್ರಿ ತಿರುಗಿದರೆ, ನಡುವಿನಿಂದ ಒಂದು ಪಕ್ಕಕ್ಕೆ ೪೫೦ ಡಿಗ್ರಿ, ಎಂದರೆ ಒಂದೂಕಾಲು ಸುತ್ತು. ಅಂಚನ್ನು ಹಿಡಿದ ಕೈಯು ೧೧೦ ಸೆಂಟಿಮೀಟರ್ ಸಾಗುವುದು. ಹೆಬ್ಬೆರಳಿನ ಕೋಲಾದರೋ ಸುಮಾರು ಒಂದು ಸೆಂಟಿಮೀಟರ್ ಸಾಗಿ ಅದೇ ಕೆಲಸವನ್ನು ಮುಗಿಸಬೇಕು. ಹೀಗಿರಲು ಹೆಬ್ಬೆರಳು ೧ ಮಿಲಿಮೀಟರ್ ಅಲುಗಿದರೆ, ಅದು ಚಕ್ರದ ಮೇಲೆ ಕೈಯು ೧೧ ಸೆಂಟಿಮೀಟರ್ ಅಲುಗಿದಂತಾಯಿತು. ಕಾರು ತೂರಾಡಿದರೆ ಅದು ಕೈಯ ದೋಷವೇ ಆಗಬೇಕಾಗಿಲ್ಲ; ಅಳತೆಯ ಮಾನದ ದೋಷವೂ ಆಗಿರಬಹುದು.

೨. ನಿಷ್ಕ್ರಿಯ ವಲಯ

ಪುಟದಲ್ಲಿ 'ಡೆಡ್ ಝೋನ್' ಎಂದು ಕಾಣುವುದನ್ನು ನಾವು ನಿಷ್ಕ್ರಿಯ ವಲಯವೆನ್ನೋಣ. ಕೋಲನ್ನು ಬಿಟ್ಟಾಗ ಅದರ ಸ್ಪ್ರಿಂಗು ಅದನ್ನು ಪ್ರತಿಸಲವೂ ನಟ್ಟನಡುವಿಗೇ ತರಲಾರದು. ಹಳೆಯದಾದಂತೆ ಈ ಕೊರತೆಯು ಹೆಚ್ಚುವುದು. ಆದುದರಿಂದ ನಡುವಿನ ಸ್ವಲ್ಪ ಚಲನೆಯನ್ನು ಆಟವು ಲೆಕ್ಕಕ್ಕೆ ಹಿಡಿಯದಂತೆ ಮಾಡುವರು. ಆಟಗಳನ್ನು ರಚಿಸುವವರಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಎಡಗೋಲಿಗಾಗಿ ಸೂಚಿಸಿದ ಸಂಖ್ಯೆ ೭,೮೪೯. ಇದು ೩೨,೭೬೭ರಲ್ಲಿ ನೂರಕ್ಕೆ ಸುಮಾರು ೨೪. ಮನುಷ್ಯನು ನಡೆದಾಡುವ ಆಟಕ್ಕೆ ಇದು ತೊಡಕಾಗದು. ಕಾರಿನ ಪಂದ್ಯಕ್ಕೆ ಬಹಳ ಹೆಚ್ಚಾಯಿತು.

ನಮ್ಮ ವಿದ್ಯಾರ್ಥಿಯ ಆಟದಲ್ಲಿ ಈ ವಲಯವು ನೂರಕ್ಕೆ ೨೫ರಷ್ಟು ಇತ್ತು. ಅವನು ಮೆಲ್ಲನೆ ಒತ್ತುವನು, ಕಾರು ಕದಲದು. ಇನ್ನಷ್ಟು ಒತ್ತುವನು, ಕಾರು ತಟ್ಟನೆ ಹೊರಳುವುದು. ಹೆದರಿ ಎದುರು ದಿಕ್ಕಿಗೆ ಒತ್ತುವಾಗಲೂ ಅದೇ ಕಥೆ. ಹಾವಿನ ನಡೆಯ ಮೂಲವು ಇಲ್ಲಿತ್ತು. ಇದಕ್ಕೆ ಪರಿಹಾರವೂ ಸುಲಭವಾದುದೇ. ಕೋಲನ್ನು ಮುಟ್ಟದೆ ಪುಟದಲ್ಲಿರುವ ಸೂಚಕ ರೇಖೆಯನ್ನು ನೋಡಬೇಕು. ಅದು ನೂರಕ್ಕೆ ೩ರಷ್ಟು ಸರಿದು ನಿಂತಿದ್ದರೆ, ವಲಯವನ್ನು ೪ಕ್ಕೋ ೫ಕ್ಕೋ ಇಟ್ಟರೆ ಸಾಕು. ಒಳ್ಳೆಯ ಚಕ್ರಕ್ಕೆ ಸಾಮಾನ್ಯವಾಗಿ ಸೊನ್ನೆಯೇ ಸರಿ.

೩. ವಕ್ರರೇಖೆ

'ಗಾಮಾ' ಅಥವಾ 'ಲೀನಿಯಾರಿಟಿ' ಎಂಬ ಮಾತಿನ ಹಿಂದೆ ನಿಮ್ಮ ಘಾತಾಂಕದ ಪಾಠವಿದೆ. ಗಾಮಾ ೧ ಆಗಿದ್ದರೆ ಬೆರಳು ಅರ್ಧ ಸರಿದಾಗ ಚುಕ್ಕಾಣಿಯೂ ಅರ್ಧ ತಿರುಗುವುದು, ನಕ್ಷೆಯು ಸರಳರೇಖೆ. ಗಾಮಾ ೨ ಆಗಿದ್ದರೆ ಅರ್ಧದ ವರ್ಗವಾದ ಕಾಲುಭಾಗ ಮಾತ್ರ ತಿರುಗುವುದು. ಆದರೆ ಒಂದರ ವರ್ಗವು ಒಂದೇ ಆದುದರಿಂದ, ಪೂರ್ಣ ಒತ್ತಿದರೆ ಪೂರ್ಣ ತಿರುವು ದೊರೆಯದಿರದು. ನಡುವಿನಲ್ಲಿ ಸೌಮ್ಯ, ತುದಿಯಲ್ಲಿ ಚುರುಕು. ಒಂದೇ ಸೆಂಟಿಮೀಟರಿನಲ್ಲಿ ದುಡಿಯುವ ಹೆಬ್ಬೆರಳಿಗೆ ಇದು ದೊಡ್ಡ ಉಪಕಾರ. 'ಸ್ಪೀಡ್ ಸೆನ್ಸಿಟಿವಿಟಿ' ಎಂಬುದು ವೇಗವು ಹೆಚ್ಚಿದಂತೆ ತಿರುವನ್ನು ಕಡಿಮೆ ಮಾಡುವುದು. 'ಫಿಲ್ಟರ್' ನಡುಕವನ್ನು ನಯಗೊಳಿಸುವುದು. ಆದರೆ ಅತಿಯಾದರೆ ಕಾರು ತಡವಾಗಿ ಓಗೊಡುವುದು. ಚಕ್ರವನ್ನು ಬಳಸುವವರಿಗೆ ಇವುಗಳ ಅಗತ್ಯವಿಲ್ಲ; ಅವರಿಗೆ ಸರಳರೇಖೆಯೇ ಒಳ್ಳೆಯದು.

೪. ಚಕ್ರ ಮತ್ತು ಪೆಡಲುಗಳು

ಚಕ್ರವುಳ್ಳವರು ಮೊದಲು ಅದನ್ನು ಅಲುಗದ ಮೇಜಿಗೆ ಬಿಗಿಯಬೇಕು. ಮೋಟಾರುಳ್ಳ ಅನೇಕ ಚಕ್ರಗಳು ವಿದ್ಯುತ್ತು ಬಂದೊಡನೆ ತಾವಾಗಿಯೇ ಎರಡು ಕೊನೆಗಳಿಗೂ ತಿರುಗಿ ನಡುವನ್ನು ಗೊತ್ತುಮಾಡಿಕೊಳ್ಳುವುವು. ಆಗ ಕೈಯನ್ನು ದೂರವಿಡಬೇಕು. ಇದಕ್ಕೆ 'ಕ್ಯಾಲಿಬ್ರೇಷನ್' ಎಂದು ಹೆಸರು. ಅಂಗಡಿಯವನು ಮುಳ್ಳನ್ನು ನೋಡುವ ಕೆಲಸವೇ ಇದು.

ಬಳಿಕ 'ರೊಟೇಷನ್'. ೨೦೧೫ರಲ್ಲಿ ಬಂದ ಲಾಜಿಟೆಕ್ ಜಿ೨೯ರಂಥ ಚಕ್ರವು ೯೦೦ ಡಿಗ್ರಿ ತಿರುಗುವುದು; ಕೆಲವು ಅಗ್ಗದ ಚಕ್ರಗಳು ೨೭೦ ಡಿಗ್ರಿಯಲ್ಲಿಯೇ ನಿಲ್ಲುವುವು. ಚಕ್ರದ ತಂತ್ರಾಂಶದಲ್ಲಿಯೂ ಆಟದಲ್ಲಿಯೂ ಒಂದೇ ಸಂಖ್ಯೆಯನ್ನು ಬರೆಯಬೇಕು. ಸರಿಯಾಯಿತೇ ಎಂದು ತಿಳಿಯಲು ಪರದೆಯ ಮೇಲಿನ ಚಕ್ರವೇ ಸಾಕ್ಷಿ. ನಿಮ್ಮ ಕೈಯು ೯೦ ಡಿಗ್ರಿ ತಿರುಗಿದಾಗ ಅದೂ ೯೦ ಡಿಗ್ರಿ ತಿರುಗಬೇಕು. ಹೆಚ್ಚು ಕಡಿಮೆಯಾದರೆ ಎಲ್ಲಿಯೋ ಎರಡು ಲೆಕ್ಕಗಳು ಹೊಂದುತ್ತಿಲ್ಲವೆಂದು ಅರ್ಥ.

ಪೆಡಲುಗಳ ವಿಷಯದಲ್ಲಿ, 'ಕಂಬೈಂಡ್ ಪೆಡಲ್ಸ್' ಎಂಬ ಗುರುತು ಇದ್ದರೆ ಅದನ್ನು ತೆಗೆದುಹಾಕಬೇಕು. ಅದಿದ್ದರೆ ಆಕ್ಸಿಲರೇಟರೂ ಬ್ರೇಕೂ ಒಂದೇ ರೇಖೆಯ ಎರಡು ತುದಿಗಳಾಗಿ, ಎರಡನ್ನೂ ಒತ್ತಿದಾಗ ಒಂದನ್ನೊಂದು ಕಳೆಯುವುವು. ಬ್ರೇಕಿನಲ್ಲಿಯೂ ಎರಡು ಬಗೆ ಉಂಟು. ಒಂದು ಪೆಡಲು ಎಷ್ಟು ದೂರ ಸರಿಯಿತೆಂಬುದನ್ನು ಅಳೆಯುವುದು. 'ಲೋಡ್ ಸೆಲ್' ಎಂಬ ಇನ್ನೊಂದು ಕಾಲು ಹಾಕಿದ ಬಲವನ್ನು ಅಳೆಯುವುದು. ನಿಜವಾದ ಕಾರಿನಲ್ಲಿಯೂ ಬ್ರೇಕಿನ ಹಿಡಿತವು ಮುಖ್ಯವಾಗಿ ಕಾಲಿನ ಬಲವನ್ನು ಅನುಸರಿಸುವುದರಿಂದ, ಎರಡನೆಯದು ನಿಜಕ್ಕೆ ಹೆಚ್ಚು ಹತ್ತಿರ.

೫. ಮರುಬಲ

ಗಾಡಿ ಹೊಡೆಯುವವನು ಹಗ್ಗದ ಸೆಳೆತದಿಂದಲೇ ಎತ್ತಿನ ಮನಸ್ಸನ್ನು ಅರಿಯುವನಷ್ಟೆ? 'ಫೋರ್ಸ್ ಫೀಡ್‌ಬ್ಯಾಕ್' ಎಂಬ ಮರುಬಲವೂ ಅಂಥ ಹಗ್ಗ. ತಿರುವಿನಲ್ಲಿ ಮುಂದಿನ ಟಯರುಗಳು ಚುಕ್ಕಾಣಿಯನ್ನು ಮತ್ತೆ ನೇರಕ್ಕೆ ಎಳೆಯುವುವು. ಟಯರಿನ ಹಿಡಿತವು ತನ್ನ ಮಿತಿಯನ್ನು ಸಮೀಪಿಸಿದಾಗ ಈ ಎಳೆತವು ಇಳಿದು ಚಕ್ರವು ಹಗುರವಾಗುವುದು. ಕಾರು ಜಾರುವ ಮೊದಲೇ ಕೈಗೆ ಬರುವ ಎಚ್ಚರಿಕೆಯದು.

ಬಲವು ಹೆಚ್ಚಿದಷ್ಟೂ ಒಳ್ಳೆಯದೆಂದು ಕೆಲವರು 'ಗೇನ್' ಸಂಖ್ಯೆಯನ್ನು ತುದಿಗೇರಿಸುವರು. ಇದು ತಪ್ಪು. ೧೦ ಕಿಲೋಗ್ರಾಮ್ ಮಾತ್ರ ತೋರಿಸಬಲ್ಲ ತಕ್ಕಡಿಯಲ್ಲಿ ೧೨ ಕಿಲೋಗ್ರಾಮ್ ಇಟ್ಟರೂ ೧೫ ಇಟ್ಟರೂ ಮುಳ್ಳು ೧೦ರಲ್ಲಿಯೇ ನಿಲ್ಲುವುದು. ಹಾಗೆಯೇ ೨ ನ್ಯೂಟನ್-ಮೀಟರ್ ಕೊಡಬಲ್ಲ ಮೋಟಾರಿಗೆ ಆಟವು ೩ನ್ನು ಕೇಳಿದರೂ ೪ನ್ನು ಕೇಳಿದರೂ ಕೈಗೆ ಬರುವುದು ೨ ಮಾತ್ರ. ೪ರಿಂದ ೩ಕ್ಕೆ ಇಳಿದ ಎಚ್ಚರಿಕೆಯು ಅಲ್ಲಿಯೇ ಅಳಿದುಹೋಯಿತು. ಇದಕ್ಕೆ 'ಕ್ಲಿಪಿಂಗ್' ಎಂದು ಹೆಸರು. ವೇಗದ ತಿರುವಿನಲ್ಲಿಯೂ ಬಲದ ಏರಿಳಿತವು ತಿಳಿಯುವವರೆಗೆ ಗೇನನ್ನು ಇಳಿಸಬೇಕು.

೬. ಪ್ರಯೋಗದ ನಿಯಮ

ಒಂದು ಸಲಕ್ಕೆ ಒಂದೇ ಸಂಖ್ಯೆಯನ್ನು ಬದಲಿಸಿರಿ. ಅದೇ ಕಾರು, ಅದೇ ದಾರಿ, ಐದು ಸುತ್ತು. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಪ್ರತಿ ಸುತ್ತಿನ ಕಾಲ, ದಾರಿ ತಪ್ಪಿದ ಸಲಗಳು, ಇವನ್ನು ನೋಟುಪುಸ್ತಕದಲ್ಲಿ ಬರೆಯಿರಿ. ಹಳೆಯ ಸಂಖ್ಯೆಯು ಬರೆದಿಟ್ಟಿದ್ದರೆ ಏನೂ ಕೆಡುವ ಭಯವಿಲ್ಲ, ಬೇಡವಾದರೆ ಹಿಂದಿರುಗಬಹುದು.

ನಮ್ಮ ವಿದ್ಯಾರ್ಥಿಯು ಹೀಗೆಯೇ ಮಾಡಿದನು. ನಿಷ್ಕ್ರಿಯ ವಲಯವನ್ನು ೫ಕ್ಕೆ ಇಳಿಸಿದ ಆ ಸಂಜೆಯೇ ಕಾರು ನೆಟ್ಟಗೆ ಓಡಿತು. ಗಾಮಾವನ್ನು ತಾನಾಗಿಯೇ ಒಂದು ವಾರ ಪರೀಕ್ಷಿಸಿ, ಎರಡು ಹಾಳೆಗಳ ತುಂಬ ಅಂಕಿಗಳನ್ನು ಬರೆದು ತಂದು ತೋರಿಸಿದನು. ಅವನು ಪಂದ್ಯವೀರನಾಗಲಿಲ್ಲ, ಗೆಳೆಯರಲ್ಲಿ ಮೂರನೆಯವನೋ ನಾಲ್ಕನೆಯವನೋ ಆಗಿ ಗುರಿ ಮುಟ್ಟುವನು. ಆದರೆ ಅವರೊಡನೆ ಆಡುವನು. ಚಕ್ರದ ಮಾತನ್ನು ಅವನು ಮತ್ತೆ ಎತ್ತಲಿಲ್ಲವೆಂದು ಅವನ ತಂದೆಯವರು ಪಾಲಕರ ಸಭೆಯ ದಿನ ನಮಗೆ ತಿಳಿಸಿದರು.

ಪರದೆಯ ಕಾರು ಬೇರೆ, ಬೀದಿಯ ಕಾರು ಬೇರೆ ಎಂಬುದನ್ನೂ ಮರೆಯಬಾರದು. ನಮ್ಮ ದೇಶದಲ್ಲಿ ಕಾರು ನಡೆಸಲು ೧೮ ವರ್ಷ ತುಂಬಿರಬೇಕು. ಅಲ್ಲಿ ತಪ್ಪಿದರೆ ಆಟವನ್ನು ಮತ್ತೆ ಮೊದಲಿನಿಂದ ಆರಂಭಿಸುವ ಗುಂಡಿಯಿಲ್ಲ.

ಕೈಯನ್ನು ಹಳಿಯುವ ಮೊದಲು ಸಾಧನವನ್ನು ಪರೀಕ್ಷಿಸಿರಿ. ಇಂಗ್ಲಿಷ್ ಮಾತು ಎದುರಾದರೆ, ಅದರ ಹಿಂದಿನ ಲೆಕ್ಕವು ಯಾವುದೆಂದು ಕೇಳಿರಿ. ಅನೇಕ ವೇಳೆ ಅದು ನೀವು ತರಗತಿಯಲ್ಲಿ ಕನ್ನಡದಲ್ಲಿಯೇ ಬಿಡಿಸಿದ ಲೆಕ್ಕವಾಗಿರುವುದು.

ಅಭ್ಯಾಸ

(೧) ೩೫ ಸೆಂಟಿಮೀಟರ್ ವ್ಯಾಸದ ಚಕ್ರವು ಒಟ್ಟು ೩೬೦ ಡಿಗ್ರಿ ತಿರುಗುವುದಾದರೆ, ನಡುವಿನಿಂದ ಒಂದು ಕೊನೆಗೆ ಅದರ ಅಂಚು ಎಷ್ಟು ದೂರ ಸಾಗುವುದು?

(೨) ಗಾಮಾ ೨ ಇರುವಾಗ ಕೋಲನ್ನು ಹತ್ತರಲ್ಲಿ ಮೂರು ಭಾಗ ಒತ್ತಿದರೆ ಚುಕ್ಕಾಣಿಯು ನೂರಕ್ಕೆ ಎಷ್ಟು ತಿರುಗುವುದು?

(೩) ಆಟವು ಹೆಚ್ಚೆಂದರೆ ೫ ನ್ಯೂಟನ್-ಮೀಟರ್ ಕೇಳುವುದು. ಮೋಟಾರು ೨ನ್ನು ಮಾತ್ರ ಕೊಡಬಲ್ಲದು. ಯಾವ ಎಚ್ಚರಿಕೆಯೂ ಅಳಿಯದಂತೆ ಬಲವನ್ನು ನೂರಕ್ಕೆ ಎಷ್ಟಕ್ಕೆ ಇಳಿಸಬೇಕು?