ಬಾವಿ, ಬೀದಿ, ಪಂಕ್ತಿ: ಭೇದದ ವಿರುದ್ಧ ಕಾನೂನು ನಡೆದು ಬಂದ ದಾರಿ



ನಾರ್ವ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗದ ನಮ್ಮ ಭಕ್ತರಲ್ಲಿ ಬಹಳಷ್ಟು ಜನ ಒಕ್ಕಲುತನದವರು, ಉಳಿದವರು ವ್ಯಾಪಾರಸ್ಥರು. ಹೊಲಕ್ಕೆ ಆಳು ಕರೆಯುವವರು, ಅಂಗಡಿಯ ಗಲ್ಲೆಯ ಮುಂದೆ ಕೂಡುವವರು, ಗುಡಿಯ ಕಮಿಟಿಯಲ್ಲಿ ಇರುವವರು ನಮ್ಮವರೇ. ಆದ್ದರಿಂದ ಜಾತಿಭೇದವನ್ನು ತಡೆಯುವ ಕಾನೂನು ಊರಿನಲ್ಲಿ ಮೊದಲು ಬಂದು ನಿಲ್ಲುವುದು ನಮ್ಮ ಬಾಗಿಲಿಗೆ. ಕಾನೂನು ಗೊತ್ತಿರಲಿಲ್ಲ ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಅದರ ಇತಿಹಾಸವನ್ನು ನಾವು ಕ್ರಮವಾಗಿ ತಿಳಿಯೋಣ.

ರಾಜದಂಡ ಯಾರ ಪರ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕುಲದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಕಲ್ಯಾಣವಾಯಿತೆಂದೂ, ಬಿಜ್ಜಳನ ಆಡಳಿತ ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆ ವಿಧಿಸಿತೆಂದೂ ನಮ್ಮ ಪರಂಪರೆ ಹೇಳುತ್ತದೆ. ಅಂದು ರಾಜದಂಡ ಭೇದದ ಪರವಾಗಿತ್ತು. ಅದು ಸಮತೆಯ ಪರವಾಗಿ ತಿರುಗಲು ಎಂಟುನೂರು ವರ್ಷ ಬೇಕಾಯಿತು.

ಹೊರದೇಶಗಳಲ್ಲೂ ಇದೇ ಕಥೆ. ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ರೈಲುಡಬ್ಬಿ ಇಡುವುದು ತಪ್ಪಲ್ಲ ಎಂದಿತು. 1954ರಲ್ಲಿ ಅದೇ ಕೋರ್ಟು, ಮಕ್ಕಳನ್ನು ಬಣ್ಣ ನೋಡಿ ಬೇರೆ ಬೇರೆ ಶಾಲೆಗೆ ಕಳಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಹೋಟೆಲುಗಳಲ್ಲಿ ಭೇದ ಮಾಡಬಾರದೆಂಬ ರಾಷ್ಟ್ರೀಯ ಕಾಯ್ದೆ ಅಲ್ಲಿ 1964ರಲ್ಲಿ ಬಂತು. ದಕ್ಷಿಣ ಆಫ್ರಿಕದಲ್ಲಿ 1950ರ ಕಾಯ್ದೆಗಳು ಜನರನ್ನು ಬಣ್ಣದ ಪ್ರಕಾರ ಪಟ್ಟಿ ಮಾಡಿ, ವಾಸದ ಜಾಗವನ್ನೂ ವಿಂಗಡಿಸಿದವು. ಅವು ರದ್ದಾದದ್ದು 1991ರಲ್ಲಿ. ಆ ದೇಶಗಳಲ್ಲಿ ಗೋಡೆಯನ್ನು ಕಾನೂನೇ ಕಟ್ಟಿತ್ತು. ನಮ್ಮಲ್ಲಿ ಕಟ್ಟಿದ್ದು ರೂಢಿ. ಬರೆದಿಟ್ಟ ಕಾಯ್ದೆಯನ್ನು ಒಂದು ದಿನದಲ್ಲಿ ರದ್ದು ಮಾಡಬಹುದು, ರೂಢಿಗೆ ಅಂಥ ದಿನವಿಲ್ಲ.

ನಮ್ಮ ನೆಲದಲ್ಲಿ ಬಂದ ಬಗೆ

ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗದ್ವಾಲ, ಆಲಂಪುರ ತಾಲೂಕುಗಳು 1956ರ ರಾಜ್ಯ ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಸುತ್ತಲಿನ ಪ್ರಾಂತಗಳಲ್ಲಿ ಗಾಳಿ ಮೊದಲೇ ಬೀಸಿತ್ತು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ಠರಾವು ಮಾಡಿತು. ಅದು ಕಾಗದದಲ್ಲೇ ಉಳಿದಾಗ ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಕೆರೆಯ ಹಕ್ಕಿನ ದಾವೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ತಿರುವಾಂಕೂರಿನ ಮಹಾರಾಜರು 1936ರಲ್ಲಿ ದೇವಾಲಯಗಳನ್ನು ತೆರೆದರು. ಮದ್ರಾಸಿನಲ್ಲಿ 1938ರಲ್ಲಿ, ಮೈಸೂರಿನಲ್ಲಿ 1943ರಲ್ಲಿ ಸಾಮಾಜಿಕ ಅಡ್ಡಿಗಳನ್ನು ತೆಗೆಯುವ ಕಾಯ್ದೆಗಳಾದವು.

ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮರು 1906ರಿಂದಲೇ ದಲಿತರ ಶಿಕ್ಷಣಕ್ಕೂ ಮಾನಕ್ಕೂ ದುಡಿದರು. ಜೀತದ ಆಳುಗಳ ಕರಾರಿನ ಬಗ್ಗೆ 1936ರಲ್ಲಿ ಭಗೇಲಾ ಕಾಯ್ದೆ ಬಂದಿತು. ಆದರೆ ಗುಡಿ, ಬಾವಿಗಳ ಕಾನೂನು ಬಂದದ್ದು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ. ಫಸಲಿ 1358ರಲ್ಲಿ, ಎಂದರೆ 1948-49ರಲ್ಲಿ, ಹರಿಜನರ ದೇವಾಲಯ ಪ್ರವೇಶಕ್ಕೆ ಒಂದು, ಸಾಮಾಜಿಕ ಅಡ್ಡಿಗಳ ನಿವಾರಣೆಗೆ ಒಂದು, ಹೀಗೆ ಎರಡು ಕಾಯ್ದೆಗಳು ಜಾರಿಯಾದವು. ಹಳೆಯ ಭೂಮಿ ಕಾಗದಗಳಲ್ಲಿ ಫಸಲಿ ಇಸವಿ ಕಂಡ ಹಿರಿಯರು ಈ ಇಸವಿಯನ್ನೂ ನೆನಪಿಡಬೇಕು.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಭೇದವನ್ನು ನಿಷೇಧಿಸಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಇದಕ್ಕೆ ಶಿಕ್ಷೆಯ ಬಲ ಕೊಟ್ಟದ್ದು 1955ರ ಜೂನ್ 1ರಂದು ಜಾರಿಯಾದ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. ಅಮೆರಿಕಕ್ಕಿಂತ ಒಂಬತ್ತು ವರ್ಷ ಮೊದಲೇ ನಮ್ಮ ದೇಶ ಹೋಟೆಲಿನ ಭೇದವನ್ನು ಅಪರಾಧವೆಂದು ಬರೆಯಿತು.

ನಮ್ಮ ಹೆಸರೂ ಕಾಯ್ದೆಯಲ್ಲಿದೆ

ನಮ್ಮದು ಬೇರೆ ಪಂಥ, ಈ ಕಾಯ್ದೆ ನಮಗೆ ಹತ್ತುವುದಿಲ್ಲ ಎನ್ನುವವರು ಅಲ್ಲಲ್ಲಿ ಸಿಗುತ್ತಾರೆ. ಕಾಯ್ದೆಯ 3ನೆಯ ಕಲಮಿನ ವಿವರಣೆಯಲ್ಲಿ ವೀರಶೈವರು, ಲಿಂಗಾಯತರು ಎಂದು ಹೆಸರು ಹಿಡಿದು ಬರೆದಿದೆ. ಗುಡಿಯ ಪ್ರವೇಶದ ಮಟ್ಟಿಗೆ ಆ ನೆಪಕ್ಕೆ ಜಾಗವಿಲ್ಲ.

ಇದರ ಜೊತೆಗೆ ಮೂಲ್ಕಿಯ ತೀರ್ಪನ್ನು ಓದಬೇಕು. ದಕ್ಷಿಣ ಕನ್ನಡದ ಮೂಲ್ಕಿ ವೆಂಕಟರಮಣ ದೇವಸ್ಥಾನದವರು, ಇದು ಗೌಡ ಸಾರಸ್ವತ ಸಮುದಾಯದ ಗುಡಿ, ಪ್ರವೇಶದ ನಿರ್ಧಾರ ನಮ್ಮದು ಎಂದು ವಾದಿಸಿದರು. 1957ರಲ್ಲಿ ಸುಪ್ರೀಂ ಕೋರ್ಟು ಗುಡಿ ಆ ಸಮುದಾಯದ್ದೆಂದು ಒಪ್ಪಿತು. ಕೆಲವು ವಿಶೇಷ ಸೇವೆಗಳನ್ನು ಸಮುದಾಯದವರಿಗೆ ಮಾತ್ರ ಇಟ್ಟುಕೊಳ್ಳಬಹುದೆಂದಿತು. ಆದರೆ ದರ್ಶನಕ್ಕೆ ಬರುವ ಹಿಂದೂಗಳಲ್ಲಿ ಒಂದು ವರ್ಗವನ್ನು ಪೂರ್ತಿ ಹೊರಗಿಡುವಂತಿಲ್ಲ ಎಂದು ಸ್ಪಷ್ಟಪಡಿಸಿತು.

ಶಿಕ್ಷೆ ಬಿಗಿಯಾದದ್ದು

1976ರ ನವೆಂಬರಿನಲ್ಲಿ 1955ರ ಕಾಯ್ದೆ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಮೊದಲು ಬರೀ ದಂಡ ಕಟ್ಟಿ ಪಾರಾಗಬಹುದಿತ್ತು. ತಿದ್ದುಪಡಿಯ ನಂತರ ಕನಿಷ್ಠ ಒಂದು ತಿಂಗಳಿಂದ ಆರು ತಿಂಗಳ ಸಜೆ, ಜೊತೆಗೆ ದಂಡ. ರಾಜಿ ಮಾಡಿಕೊಂಡು ಮೊಕದ್ದಮೆ ಮುಗಿಸುವ ದಾರಿಯೂ ಮುಚ್ಚಿತು. ಪರಿಶಿಷ್ಟ ಜಾತಿಯವರ ವಿರುದ್ಧ ಇಂಥ ಕೃತ್ಯ ನಡೆದರೆ ಅದು ಅಸ್ಪೃಶ್ಯತೆಯಿಂದಲೇ ನಡೆಯಿತೆಂದು ಕೋರ್ಟು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಆರೋಪಿಯದು. ವ್ಯಾಪಾರಸ್ಥರು ಗಮನಿಸಬೇಕು: ಅಪರಾಧ ಸಾಬೀತಾದರೆ ಧಂದೆಯ ಲೈಸೆನ್ಸನ್ನು ರದ್ದುಪಡಿಸುವ ಅಧಿಕಾರ ಕೋರ್ಟಿಗಿದೆ. ಅದೇ ವರ್ಷ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯಾಗಿ ಜೀತಗಾರರ ಸಾಲಗಳು ಅಳಿಸಿಹೋದವು. ದೇವರ ಹೆಸರಿನಲ್ಲಿ ಬಡಕುಲದ ಹೆಣ್ಣುಮಕ್ಕಳನ್ನು ಜೋಗಿನಿಯರನ್ನಾಗಿ ಬಿಡುವುದನ್ನು ನಿಷೇಧಿಸಿ ಆಂಧ್ರಪ್ರದೇಶ 1988ರಲ್ಲಿ ಕಾಯ್ದೆ ಮಾಡಿತು.

ಅನಂತರ ಬಂದದ್ದು 1989ರ ದೌರ್ಜನ್ಯ ತಡೆ ಕಾಯ್ದೆ. 1990ರ ಜನವರಿ 30ರಿಂದ ಜಾರಿಯಲ್ಲಿದೆ. ಇದರಲ್ಲಿ ನಿರೀಕ್ಷಣಾ ಜಾಮೀನು ಇಲ್ಲ. 2016ರ ಜನವರಿಯಲ್ಲಿ ಜಾರಿಯಾದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಸ್ಪಷ್ಟವಾಗಿ ಅಪರಾಧವೆಂದು ಸೇರಿಸಿತು.

ಕೋರ್ಟು ಇದನ್ನು ಹೇಗೆ ನೋಡುತ್ತದೆಂಬುದಕ್ಕೆ ಕರ್ನಾಟಕದ ಒಂದು ಪ್ರಕರಣ ಸಾಕು. ಊರಿನ ಹೊಸ ಬೋರ್‌ವೆಲ್ಲಿನ ನೀರು ತುಂಬಿಕೊಳ್ಳಲು ಬಂದ ದಲಿತರನ್ನು ಕೆಲವರು ಬೆದರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷಿಸಿತು, ಹೈಕೋರ್ಟು ಬಿಟ್ಟಿತು. 1992ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಒಂದು ಕೊಡ ನೀರಿನ ಜಗಳ ದಿಲ್ಲಿಯವರೆಗೆ ಹೋಯಿತು.

ನಮಗೆ ಸಂಬಂಧಿಸಿದ ಮಾತು

ಜಾತ್ರೆಯಲ್ಲೋ ಮೆರವಣಿಗೆಯಲ್ಲೋ ಮಾತಿಗೆ ಮಾತು ಬೆಳೆಯುತ್ತದೆ. ಹಿರಿಯರು ಕಟ್ಟೆಯ ಮೇಲೆ ಕೂಡಿ, ಆ ಕೇರಿಯವರನ್ನು ಕೂಲಿಗೆ ಕರೆಯಬೇಡಿ, ಕಿರಾಣಿ ಕೊಡಬೇಡಿ ಎಂದು ನಿರ್ಣಯಿಸುತ್ತಾರೆ. ಬಡಿದಾಟವಿಲ್ಲದೆ ಊರನ್ನು ಹದ್ದುಬಸ್ತಿನಲ್ಲಿ ಇಟ್ಟೆವೆಂದು ಅವರ ಭಾವನೆ. ಆದರೆ ಆ ನಿರ್ಣಯವೇ ಅಪರಾಧ. ಸುಗ್ಗಿಯ ಹೊತ್ತಿನಲ್ಲಿ ಕೂಲಿ ತಪ್ಪಿದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಕೈಯೆತ್ತಿ ಹೊಡೆದದ್ದಕ್ಕಿಂತ ಇದು ಕಡಿಮೆ ಹಿಂಸೆಯಲ್ಲ.

ಅಂಥ ನಿರ್ಣಯಕ್ಕೆ ನಾನು ಸೇರುವುದಿಲ್ಲ ಎನ್ನುವ ಒಬ್ಬ ರೈತನೋ ಅಂಗಡಿಕಾರನೋ ನಮ್ಮಲ್ಲಿ ಇದ್ದೇ ಇರುತ್ತಾನೆ. ಅಸ್ಪೃಶ್ಯತೆ ಆಚರಿಸಲು ಒಪ್ಪದ ಕಾರಣಕ್ಕೆ ಅವನನ್ನು ಸ್ವಜನರೇ ಹೊರಗಿಟ್ಟರೆ, ಹೊರಗಿಟ್ಟವರಿಗೆ 7ನೆಯ ಕಲಮಿನ ಪ್ರಕಾರ ಶಿಕ್ಷೆಯಿದೆ. ಹರಳಯ್ಯ ಮಧುವರಸರಿಗೆ ಇಲ್ಲದಿದ್ದ ಈ ಆಸರೆ ಇಂದು ಅವನಿಗಿದೆ. ಊರಿನಲ್ಲಿ ಅವನು ಒಂಟಿಯಾಗದಂತೆ ನೋಡಿಕೊಳ್ಳುವುದು ಭಕ್ತರ ಕೆಲಸ.

ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಚರ್ಚಿಸಲು ಈ ಪ್ರಶ್ನೆಗಳು:

1. ನಮ್ಮೂರಿನ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಬಗೆಯ ಲೋಟವೇ?
2. ದಾಸೋಹದ ಪಂಕ್ತಿಯಲ್ಲಿ ಯಾರು ಯಾವಾಗ ಕೂಡುತ್ತಾರೆ? ಕೊನೆಯ ಪಂಕ್ತಿಗೆ ಕಾಯುವವರು ಯಾವಾಗಲೂ ಅವರೇ ಏಕೆ?
3. ತೇರಿನ ಹಗ್ಗಕ್ಕೆ ಎಲ್ಲ ಕೇರಿಯವರ ಕೈ ಹತ್ತುತ್ತದೆಯೇ?
4. ಹೊಲದಲ್ಲಿ ಆಳಿಗೆ ನೀರು ಕೊಡುವಾಗ ತಂಬಿಗೆ ಕೈಗೆ ಕೊಡುತ್ತೇವೆಯೋ, ಮೇಲಿನಿಂದ ಸುರಿಯುತ್ತೇವೆಯೋ?

ತೆಲಂಗಾಣದಲ್ಲಿ ಪ್ರತಿ ತಿಂಗಳ 30ರಂದು ಹಳ್ಳಿಗಳಲ್ಲಿ ಪೌರಹಕ್ಕು ದಿನ ನಡೆಸುವ ಪದ್ಧತಿಯಿದೆ. ಅಧಿಕಾರಿಗಳು ಬಂದಾಗ ಭಕ್ತರು ಹಿಂದೆ ಸರಿಯದೆ ಮುಂದಿನ ಸಾಲಿನಲ್ಲಿ ಕೂಡಬೇಕೆಂದು ನಮ್ಮ ವಿನಂತಿ.