ನಾಲ್ಕನೇ ತರಗತಿಯ ಹೊಸ್ತಿಲು

ಪ್ರಶ್ನೆ: ನಮ್ಮ ಯಜಮಾನರಿಗೆ ಮೊಜಾಂಬಿಕ್‌ನ ಟೆಟೆಯಲ್ಲಿ ಕಲ್ಲಿದ್ದಲು ಗಣಿಯ ಕೆಲಸ ಸಿಕ್ಕಿದೆ. ಮಗಳು ಇಲ್ಲಿ ಒಂದನೇ ತರಗತಿ ಮುಗಿಸಿದ್ದಾಳೆ. ಅಲ್ಲಿನ ಸರ್ಕಾರಿ ಶಾಲೆಗೆ ಹಾಕಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಎಷ್ಟು ವರ್ಷ ಇರುತ್ತೀರಿ ಎಂಬುದರ ಮೇಲಿದೆ. ನಗರದ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಪೋರ್ಚುಗೀಸ್ ಮಾಧ್ಯಮ. ಇಂಗ್ಲಿಷ್ ತಡವಾಗಿ ಬರುತ್ತದೆ. ನಾಲ್ಕೈದು ವರ್ಷ ಇರುವುದಾದರೆ ಧೈರ್ಯವಾಗಿ ಸೇರಿಸಿ, ಈ ವಯಸ್ಸಿನ ಮಕ್ಕಳು ಬೇಗ ಹಿಡಿಯುತ್ತಾರೆ. ಒಂದೆರಡು ವರ್ಷಕ್ಕೆ ಹಿಂತಿರುಗುವುದಾದರೆ ಬೇರೆ ದಾರಿ ನೋಡಿ. ಅಲ್ಲಿ ಶಾಲಾ ವರ್ಷ ಶುರುವಾಗುವುದು ವರ್ಷಾರಂಭದಲ್ಲಿ, ನಮ್ಮ ಹಾಗೆ ಜೂನ್‌ನಲ್ಲಲ್ಲ. ಬೇಸಿಗೆ ರಜೆಯಲ್ಲಿ ಹೊರಟರೆ ಮಗು ನಡುವೆ ಸೇರಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಬಿಡಬೇಡಿ.

ಪ್ರಶ್ನೆ: 1975ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಆಳಿದವರ ಭಾಷೆಯನ್ನೇ ಯಾಕೆ ಇಟ್ಟುಕೊಂಡರು?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಉತ್ತರದಲ್ಲಿ ಎಮಾಖುವಾ, ದಕ್ಷಿಣದಲ್ಲಿ ಚಾಂಗಾನಾ, ನಡುವೆ ಸೇನಾ, ನ್ಡಾವು, ನ್ಯಾಂಜಾ. ಯಾವುದನ್ನು ಎತ್ತಿಹಿಡಿದರೂ ಉಳಿದವರು ಮುನಿಸಿಕೊಳ್ಳುತ್ತಿದ್ದರು. ಹಾಗಾಗಿ ಯಾರದ್ದೂ ಅಲ್ಲದ ಪೋರ್ಚುಗೀಸನ್ನು ಫ್ರೆಲಿಮೊ ಪಕ್ಷ ಐಕ್ಯದ ಭಾಷೆ ಮಾಡಿತು. ಬೆಲೆ ತೆತ್ತವರು ಮಕ್ಕಳು. 2017ರ ಜನಗಣತಿಯಲ್ಲೂ ಪೋರ್ಚುಗೀಸ್ ಮನೆಮಾತಾಗಿದ್ದದ್ದು ನೂರರಲ್ಲಿ ಸುಮಾರು 17 ಜನರಿಗೆ ಮಾತ್ರ. ಅರ್ಥವಾಗದ ಪಾಠವನ್ನು ಮಕ್ಕಳು ಗಿಳಿಪಾಠ ಒಪ್ಪಿಸಿದರು, ಮೇಷ್ಟ್ರ ಹಿಂದೆ ಸಾಲು ಹೇಳಿದರು.

ಪ್ರಶ್ನೆ: ಹಾಗಾದರೆ ಮನೆಮಾತಲ್ಲೇ ಕಲಿಸಬಾರದೇ?
– ಬಿ.ಎಡ್. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಲಿಸುತ್ತಿದ್ದಾರೆ. 1993ರಿಂದ 1997ರವರೆಗೆ ಗಾಜಾ ಪ್ರಾಂತ್ಯದಲ್ಲಿ ಚಾಂಗಾನಾ, ಟೆಟೆಯಲ್ಲಿ ನ್ಯಾಂಜಾ ಹಿಡಿದು ಪ್ರಯೋಗ ನಡೆಯಿತು. 2003ರಿಂದ ಇನ್ನಷ್ಟು ಭಾಷೆಗಳು ಬಂದವು. ಕ್ರಮ ಇಷ್ಟೇ: ಮೊದಲ ಮೂರು ತರಗತಿ ಮನೆಮಾತಿನಲ್ಲಿ, ಜೊತೆಗೆ ಪೋರ್ಚುಗೀಸ್ ಒಂದು ವಿಷಯವಾಗಿ. ನಾಲ್ಕರಿಂದ ಮಾಧ್ಯಮವೇ ಪೋರ್ಚುಗೀಸ್.

ತೊಡಕಿರುವುದು ಈ ದಾಟುವಿಕೆಯಲ್ಲೇ. ನ್ಯಾಂಜಾದಲ್ಲಿ ‘ಕ’ ಧ್ವನಿಗೆ ಒಂದೇ ಅಕ್ಷರ, ರೋಮನ್ನಿನ ‘ಕೆ’. ಪೋರ್ಚುಗೀಸಿನಲ್ಲಿ ಮನೆಗೆ ಹೇಳುವ ‘ಕಾಜ’ವನ್ನು ‘ಸಿ’ ಹಾಕಿ ಬರೆಯಬೇಕು, ಕಿಲೋಗೆ ಹೇಳುವ ‘ಕೀಲು’ವನ್ನು ‘ಕ್ಯೂ’, ‘ಯು’ ಸೇರಿಸಿ ಬರೆಯಬೇಕು. ಸರಾಗ ಓದುತ್ತಿದ್ದ ಮಗು ತಡವರಿಸುತ್ತದೆ. ಅದೇ ವರ್ಷ ಗಣಿತ, ವಿಜ್ಞಾನವೂ ಹೊಸ ಭಾಷೆಗೆ ತಿರುಗುತ್ತವೆ. ಸ್ಥಳೀಯ ಭಾಷೆಯ ಪುಸ್ತಕಗಳು ಸಾಲುವುದಿಲ್ಲ. ಪೋರ್ಚುಗೀಸಿನಲ್ಲೇ ತರಬೇತಾದ ಶಿಕ್ಷಕರಿಗೆ ತಮ್ಮ ಮನೆಮಾತಿನಲ್ಲಿ ಭಿನ್ನರಾಶಿ ವಿವರಿಸುವುದೇ ಕಷ್ಟ.

ಆದ್ದರಿಂದ ‘ಮನೆಮಾತೋ, ಪೋರ್ಚುಗೀಸೋ’ ಎಂದು ಕೇಳುವುದಕ್ಕಿಂತ, ಮೂರು ವರ್ಷದಲ್ಲಿ ಮಗುವಿನ ಕಿವಿಗೆ ಪೋರ್ಚುಗೀಸ್ ಎಷ್ಟು ಬಿತ್ತು, ನಾಲ್ಕರ ನಂತರ ಮನೆಮಾತಿನ ಆಸರೆ ಎಷ್ಟು ಉಳಿಯಿತು ಎಂದು ಕೇಳಿ. ನೀವು ಶಿಕ್ಷಕಿಯಾದಾಗಲೂ ಮಾಧ್ಯಮ ಬದಲಾಗುವ ವರ್ಷದ ಮಕ್ಕಳನ್ನು ಮೊದಲು ಗಮನಿಸಿ.