ಬೆಲೆ ಇಳಿಯುವಾಗ ಮನೆಯೋ, ಬಂಗಾರವೋ?

ಹೊಸ ಪದಗಳು: ಹೂಡಿಕೆ, ಅಸಲು, ಕಂತು, ಗಿರವಿ, ಮುದ್ರಾಂಕ ಶುಲ್ಕ, ನೋಂದಣಿ, ವಿಲ್ಲಂಗ ಪತ್ರ. ಮೊದಲು ಈ ಪದಗಳನ್ನು ಜೋರಾಗಿ ಓದಿ. ಆಮೇಲೆ ಪಾಠ ಓದಿ. ಲೆಕ್ಕ ಬಂದ ಕಡೆ ನಿಲ್ಲಿಸಿ, ಪೆನ್ಸಿಲ್ ಹಿಡಿದು ನೀವೇ ಮಾಡಿ ನೋಡಿ.

ಬೋಡಿನಾಯಕನೂರಿನ ಏಲಕ್ಕಿ ಹರಾಜು ನಿಮಗೆ ಗೊತ್ತು. ಮಲೆಯ ಆಚೆ ಪುಟ್ಟಡಿಯಲ್ಲೂ ಹರಾಜು ನಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಪುಟ್ಟಡಿಯಲ್ಲಿ ಒಂದು ಕಿಲೋ ಏಲಕ್ಕಿ 7,000 ರೂಪಾಯಿಗೆ ಹೋಯಿತು. ಆ ಬೆಲೆ ಕೇಳಿ ಹೊಸದಾಗಿ ಗಿಡ ಇಟ್ಟವರಿಗೆ ಫಸಲು ಕೈಗೆ ಬರಲು ಸುಮಾರು ಮೂರು ವರ್ಷ ಬೇಕು. 2022ಕ್ಕೆ ಫಸಲು ಬಂತು. ಆಗ ಸರಾಸರಿ ಬೆಲೆ ಕಿಲೋಗೆ ಸಾವಿರ ರೂಪಾಯಿಗಿಂತ ಕೆಳಗೆ ಇಳಿದಿತ್ತು. ಬೆಲೆ ಇಳಿಯುವುದು ಎಂದರೆ ಏನು ಎಂದು ನಮ್ಮ ಕಂಬಂ ಕಣಿವೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಏಲಕ್ಕಿ ಇಳಿಯುತ್ತದೆ ಎಂದು ಒಪ್ಪುವವರೇ ಬಂಗಾರ ಇಳಿಯುವುದಿಲ್ಲ, ಜಾಗ ಇಳಿಯುವುದೇ ಇಲ್ಲ ಎಂದು ಹೇಳುತ್ತಾರೆ. ಅದು ನಿಜವೇ?

ಒಂದು ಮನೆಯ ಮಾತು ಕೇಳಿ. ದ್ರಾಕ್ಷಿ ತೋಟದ ಒಂದು ಭಾಗ ಮಾರಿ ಅಮ್ಮನ ಕೈಗೆ 10 ಲಕ್ಷ ರೂಪಾಯಿ ಬಂದಿದೆ. ಬಂಗಾರದ ದರ ಇಳಿಯುತ್ತಿದೆ. ಜಾಗ ಕೊಳ್ಳುವವರೂ ಕಡಿಮೆ. ಅಕ್ಕ, ತಮ್ಮ ಜಗಲಿಯ ಮೇಲೆ ಕೂತು ವಾದ ಮಾಡುತ್ತಿದ್ದಾರೆ.

ತಮ್ಮ: ಅಕ್ಕಾ, ಈಗ ಜಾಗ ಅಗ್ಗ. ಬೈಪಾಸ್ ಹತ್ರ ಐದು ಸೆಂಟು ತಗೊಂಡ್ಬಿಡೋಣ. ಜಾಗ ಎಲ್ಲಿಗೂ ಓಡಿಹೋಗಲ್ಲ.

ಅಕ್ಕ: ಓಡಿಹೋಗಲ್ಲ ಕಣೋ, ಅದೇ ತೊಂದ್ರೆ. ನಾಳೆ ಅಮ್ಮನ್ನ ಮಧುರೈ ಆಸ್ಪತ್ರೆಗೆ ಸೇರಿಸ್ಬೇಕಾದ್ರೆ ಅರ್ಧ ಸೆಂಟು ಕಿತ್ಕೊಂಡು ಹೋಗಿ ಮಾರಕ್ಕಾಗತ್ತಾ? ಬಂಗಾರ ಆದ್ರೆ ಒಂದು ಬಳೆ ಸಾಕು.

ತಮ್ಮ: ಬಂಗಾರ ಬಾಡಿಗೆ ಕೊಡತ್ತಾ? ಮನೆ ಕಟ್ಟಿದ್ರೆ ತಿಂಗಳು ತಿಂಗಳು ಬಾಡಿಗೆ ಬರತ್ತೆ. ದರ ಇಳೀಲಿ, ಏರ್ಲಿ, ಸೂರು ಸೂರೇ.

ಇಬ್ಬರ ಮಾತಿನಲ್ಲೂ ನಿಜ ಇದೆ. ಈಗ ಬಂಗಾರದ ಕತೆ ನೋಡೋಣ.

ಬಂಗಾರದ ಬೆಲೆ ನಮ್ಮೂರಲ್ಲಿ ಹುಟ್ಟುವುದಿಲ್ಲ. ನಮ್ಮ ದೇಶ ಬಹುಪಾಲು ಬಂಗಾರವನ್ನು ಹೊರಗಿನಿಂದ ತರಿಸುತ್ತದೆ. ಆದ್ದರಿಂದ ಹೊರದೇಶದ ಬೆಲೆ, ಡಾಲರಿನ ಎದುರು ರೂಪಾಯಿ ನಿಂತ ಜಾಗ, ಸರ್ಕಾರ ಹಾಕುವ ಆಮದು ಸುಂಕ, ಈ ಮೂರೂ ಸೇರಿ ಅಂಗಡಿಯ ದರ ಆಗುತ್ತದೆ. 2024ರ ಜುಲೈ 23ರಂದು ಕೇಂದ್ರ ಸರ್ಕಾರ ಸುಂಕವನ್ನು ನೂರಕ್ಕೆ 15ರಿಂದ 6ಕ್ಕೆ ಇಳಿಸಿತು. ದರ ತಕ್ಷಣ ಕುಸಿಯಿತು. ಹಿಂದಿನ ದಿನ ಮದುವೆಗೆ ಕೊಂಡವರು ಏನು ತಪ್ಪು ಮಾಡಿದ್ದರು? ಏನೂ ಇಲ್ಲ.

ಹೊರದೇಶದಲ್ಲಿ 1980ರ ಜನವರಿಯಲ್ಲಿ ಒಂದು ಔನ್ಸ್, ಅಂದರೆ ಸುಮಾರು 31 ಗ್ರಾಂ ಬಂಗಾರ, 850 ಡಾಲರಿಗೆ ಮುಟ್ಟಿ ಬಿತ್ತು. ಮತ್ತೆ ಆ ಬೆಲೆ ಬಂದದ್ದು 2008ರ ಜನವರಿಯಲ್ಲಿ. ಎಣಿಸಿ ನೋಡಿ, 28 ವರ್ಷ! ಆ ಕಾಲದಲ್ಲಿ ರೂಪಾಯಿಯ ಬೆಲೆ ಇಳಿಯುತ್ತಾ ಬಂದದ್ದರಿಂದ ನಮಗೆ ಅದು ಅಷ್ಟಾಗಿ ತಿಳಿಯಲಿಲ್ಲ. ಆದರೆ ನಮ್ಮ ರೂಪಾಯಿ ಲೆಕ್ಕದಲ್ಲೂ ಬಿದ್ದದ್ದುಂಟು. 2012ರ ಕೊನೆಯಲ್ಲಿ ಹತ್ತು ಗ್ರಾಂ ಅಪರಂಜಿ 32 ಸಾವಿರದ ಹತ್ತಿರ ಇತ್ತು. 2015ರ ಮಧ್ಯದಲ್ಲಿ 25 ಸಾವಿರದ ಹತ್ತಿರಕ್ಕೆ ಬಂತು. 2020ರ ಆಗಸ್ಟ್‌ನಲ್ಲಿ 55 ಸಾವಿರ ದಾಟಿತು, 2025ರ ಅಕ್ಟೋಬರ್‌ನಲ್ಲಿ 1 ಲಕ್ಷ 20 ಸಾವಿರ ದಾಟಿತು. ಹಾಗಾದರೆ 2015ರಲ್ಲಿ ನಷ್ಟ ಆದದ್ದು ಯಾರಿಗೆ? ಆ ವರ್ಷ ಮಾರಲೇಬೇಕಾಗಿ ಬಂದವರಿಗೆ. ಪೆಟ್ಟಿಗೆಯಲ್ಲಿ ಇಟ್ಟು ಮರೆತವರಿಗೆ ಅಲ್ಲ.

ಜಾಗದ ಬೆಲೆ ಬೇರೆ ರೀತಿ ಬೀಳುತ್ತದೆ. ಬಂಗಾರದ ದರ ದಿನಾ ಪೇಪರಿನಲ್ಲಿ ಬರುತ್ತದೆ. ಜಾಗದ ದರ ಎಲ್ಲೂ ಬರುವುದಿಲ್ಲ. ಆದ್ದರಿಂದ 'ಜಾಗದ ಬೆಲೆ ಬಿತ್ತು' ಎಂದು ಯಾರೂ ಹೇಳುವುದಿಲ್ಲ, 'ಗಿರಾಕಿ ಬರ್ತಿಲ್ಲ' ಎಂದು ಹೇಳುತ್ತಾರೆ. ಎರಡೂ ಒಂದೇ. 2016ರ ಸೆಪ್ಟೆಂಬರ್ 9ರಂದು ಮದರಾಸು ಹೈಕೋರ್ಟು, ಒಪ್ಪಿಗೆ ಇಲ್ಲದ ಬಡಾವಣೆಯ ನಿವೇಶನಗಳನ್ನು ನೋಂದಣಿ ಮಾಡಬಾರದು ಎಂದು ತಡೆ ಹಾಕಿತು. ಅದೇ ವರ್ಷ ನವೆಂಬರ್ 8ಕ್ಕೆ ನೋಟು ರದ್ದಾಯಿತು. ಹೊಲಕ್ಕೆ ಕಲ್ಲು ನೆಟ್ಟು ಸೆಂಟು ಲೆಕ್ಕದಲ್ಲಿ ಮಾರಿದ ಜಾಗ ಕೊಂಡವರು, ಕೈಯಲ್ಲಿ ಪತ್ರ ಇದ್ದೂ ಮಾರಲಾಗದೆ ಕೂತರು. ಹಾಗೆ ಸಿಕ್ಕಿಬಿದ್ದ ನಿವೇಶನಗಳನ್ನು ಸಕ್ರಮ ಮಾಡಲು 2017ರಲ್ಲಿ ನಿಯಮ ಬಂತು. ಅಲ್ಲಿವರೆಗೂ ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ದಲ್ಲಾಳಿ ಹೇಳುವ ಇನ್ನೊಂದು ಮಾತು: 'ರೈಲು ಬರತ್ತೆ, ಆಮೇಲೆ ನೋಡಿ ರೇಟು.' ಮಧುರೈ–ಬೋಡಿ ಸಣ್ಣ ಹಳಿಯ ರೈಲು 2010ರ ಕೊನೆಯಲ್ಲಿ ನಿಂತಿತು. ದೊಡ್ಡ ಹಳಿಯ ಮೇಲೆ ರೈಲು ತೇನಿಗೆ ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನ್‌ನಲ್ಲಿ. ರೈಲು ಬಂದದ್ದು ನಿಜ. ನಡುವೆ ಹನ್ನೆರಡು ವರ್ಷದ ಬಡ್ಡಿ ಕಟ್ಟಿದವರು ಯಾರು?

ಹೊರಗೆ ನೋಡಿದರೂ ಹಾಗೇ. ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆಗಳ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಮನೆಯ ಬೆಲೆಗಿಂತ ಸಾಲವೇ ದೊಡ್ಡದಾಗಿ, ಲಕ್ಷಾಂತರ ಜನ ಮನೆ ಕಳೆದುಕೊಂಡರು.

ಈಗ ಅಮ್ಮನ 10 ಲಕ್ಷದ ಲೆಕ್ಕ.

ತಮ್ಮ ಹೇಳಿದ ಜಾಗ 10 ಲಕ್ಷ ಅಂದುಕೊಳ್ಳಿ. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಿಂದ ಮಾರಾಟ ಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 7, ನೋಂದಣಿ ಶುಲ್ಕ ನೂರಕ್ಕೆ 2. ಒಟ್ಟು 90,000 ರೂಪಾಯಿ. 2025ರ ಏಪ್ರಿಲ್ 1ರಿಂದ, 10 ಲಕ್ಷದವರೆಗಿನ ಆಸ್ತಿಯನ್ನು ಹೆಂಗಸರ ಹೆಸರಿಗೆ ನೋಂದಾಯಿಸಿದರೆ ನೋಂದಣಿ ಶುಲ್ಕದಲ್ಲಿ ನೂರಕ್ಕೆ 1 ಕಡಿಮೆ. ಅಮ್ಮನ ಹೆಸರಿಗೆ ಮಾಡಿಸಿದರೆ 80,000 ಸಾಕು. (ತಮ್ಮ ಈ ವಿಷಯ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲವೋ ಏನೋ!)

ಅಕ್ಕ ಹೇಳಿದ ಬಂಗಾರ 10 ಲಕ್ಷದ್ದು. ಒಡವೆ ಆದರೆ ಕೂಲಿ, ಸವಕಳಿ ಎಂದು ನೂರಕ್ಕೆ 12 ಹಾಕಿದರು ಅನ್ನಿ, 1,20,000 ಆಯಿತು. ಒಟ್ಟು 11,20,000ದ ಮೇಲೆ ನೂರಕ್ಕೆ 3 ಜಿಎಸ್‌ಟಿ, 33,600. ಮಾರುವ ದಿನ ಕೂಲಿಯೂ ತೆರಿಗೆಯೂ ವಾಪಸ್ ಬರುವುದಿಲ್ಲ. ಅಂದರೆ ದರ ಒಂದು ಪೈಸೆ ಇಳಿಯದಿದ್ದರೂ 1,53,600 ಹೋಯಿತು. ಒಡವೆ ಹಾಕಿಕೊಳ್ಳುವುದಕ್ಕೆ, ಹೂಡಿಕೆಗೆ ನಾಣ್ಯವೇ ವಾಸಿ, ಅದಕ್ಕೆ ಕೂಲಿ ಕಡಿಮೆ. ಯಾವ ಒಡವೆ ಕೊಂಡರೂ ಹಾಲ್‌ಮಾರ್ಕ್ ನೋಡಿ. 22 ಕ್ಯಾರೆಟ್‌ಗೆ 916 ಎಂದು ಇರಬೇಕು. 2023ರ ಏಪ್ರಿಲ್ 1ರಿಂದ ಆರು ಅಕ್ಷರ–ಅಂಕಿಯ ಗುರುತೂ ಇರಬೇಕು.

ಇನ್ನು ಬೆಲೆ ನೂರಕ್ಕೆ 20 ಬಿತ್ತು ಅನ್ನಿ. ಜಾಗವೂ 8 ಲಕ್ಷ, ಬಂಗಾರವೂ 8 ಲಕ್ಷ. 'ಮತ್ತೆ ನೂರಕ್ಕೆ 20 ಏರಿದ್ರೆ ಸರಿಹೋಯ್ತಲ್ಲ' ಎಂದು ತಮ್ಮ ಹೇಳಿದ. ಸರಿಯೇ? 8 ಲಕ್ಷದ ನೂರಕ್ಕೆ 20 ಎಂದರೆ 1,60,000. ಸೇರಿಸಿದರೆ 9,60,000 ಮಾತ್ರ. ಹತ್ತು ಮುಟ್ಟಲು ನೂರಕ್ಕೆ 25 ಏರಬೇಕು. ಬಿದ್ದಷ್ಟೇ ಏರಿದರೆ ಸಾಲದು.

ಸಾಲ ಸೇರಿದಾಗ ಲೆಕ್ಕ ಇನ್ನೂ ಕೆಡುತ್ತದೆ. ಕೈಯಿಂದ 4 ಲಕ್ಷ, ಸಾಲ 6 ಲಕ್ಷ ಹಾಕಿ 10 ಲಕ್ಷದ ಮನೆ ಕೊಂಡಿರಿ. ಬೆಲೆ 8 ಲಕ್ಷಕ್ಕೆ ಬಿತ್ತು. ಸಾಲ ಬೀಳುವುದಿಲ್ಲ, ಅದು ಆರೇ. ಮಾರಿ ಸಾಲ ತೀರಿಸಿದರೆ ಉಳಿಯುವುದು 2 ಲಕ್ಷ. ಬೆಲೆ ಬಿದ್ದದ್ದು ಐದನೇ ಒಂದು ಭಾಗ, ನಿಮ್ಮ ದುಡ್ಡು ಹೋದದ್ದು ಅರ್ಧ. ವರ್ಷಕ್ಕೆ ನೂರಕ್ಕೆ 9ರಂತೆ 15 ವರ್ಷಕ್ಕೆ ಆ ಸಾಲದ ಕಂತು ತಿಂಗಳಿಗೆ ಸುಮಾರು 6,090 ರೂಪಾಯಿ. ಕಟ್ಟಿ ಮುಗಿಸುವಾಗ 10 ಲಕ್ಷ 95 ಸಾವಿರದ ಹತ್ತಿರ ಕಟ್ಟಿರುತ್ತೀರಿ.

ಬಂಗಾರದಲ್ಲೂ ಸಾಲ ಇದೆ, ಗಿರವಿ. 10 ಲಕ್ಷದ ಒಡವೆ ಇಟ್ಟು ಗಿರವಿ ಅಂಗಡಿಯಲ್ಲಿ 7 ಲಕ್ಷ ತಂದಿರಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. ಕೇಳಲು ಸಣ್ಣದು. ಒಂದು ವರ್ಷ ಕಟ್ಟದೆ ಬಿಟ್ಟರೆ ಬಡ್ಡಿ 1,26,000, ಒಟ್ಟು 8,26,000. ಅಷ್ಟರಲ್ಲಿ ಬಂಗಾರ 8 ಲಕ್ಷಕ್ಕೆ ಇಳಿದಿದೆ. ಬಿಡಿಸಿಕೊಳ್ಳಲು ಕೊಡಬೇಕಾದ ಹಣ ಒಡವೆಯ ಬೆಲೆಗಿಂತ ಹೆಚ್ಚು! ಒಡವೆ ಹರಾಜಿಗೆ ಹೋಗುವುದು ಹೀಗೆ. ಅದರಲ್ಲೂ ಮನೆಗೆ ಮುಂಗಡ ಕೊಡಲು ಹೆಂಡತಿಯ ಒಡವೆ ಗಿರವಿ ಇಡುವ ಅಭ್ಯಾಸ ನಮ್ಮಲ್ಲಿ ತುಂಬ. ಆಗ ಎರಡೂ ಕಡೆ ಒಟ್ಟಿಗೆ ಬೀಳುತ್ತದೆ. ಮನೆ ಗಂಡನ ಹೆಸರಲ್ಲಿ, ಹೋದ ಒಡವೆ ಹೆಂಡತಿಯದು.

ನಮ್ಮ ಅಭಿಪ್ರಾಯ ಇದು. ಅಮ್ಮನಿಗೆ ಸ್ವಂತ ಸೂರು ಇಲ್ಲದಿದ್ದರೆ, ಸಾಲ ಇಲ್ಲದೆ ಮನೆ ಆಗುವುದಾದರೆ, ತಮ್ಮನ ಮಾತು ಸರಿ. ವಾಸಕ್ಕೆ ಇರುವ ಮನೆಯ ಬೆಲೆ ಇಳಿದರೂ ಮಳೆ ಒಳಗೆ ಬರುವುದಿಲ್ಲ. ಮನೆ ಆಗಲೇ ಇದ್ದು, ಎರಡು ಮೂರು ವರ್ಷದಲ್ಲಿ ಮದುವೆಯೋ ಆಸ್ಪತ್ರೆಯೋ ಎದುರಿಗಿದ್ದರೆ, ಜಾಗದಲ್ಲಿ ಹಣ ಹೂಳಬಾರದು. ಆಗ ಅಕ್ಕನ ಮಾತೇ ಸ್ವಲ್ಪ ಹೆಚ್ಚು ಸರಿ. ಆದರೆ ಆ ಖರ್ಚಿನ ಹಣವನ್ನೆಲ್ಲ ಬಂಗಾರಕ್ಕೂ ಹಾಕಬಾರದು, ಒಂದು ಭಾಗ ಬ್ಯಾಂಕಿನ ಠೇವಣಿಯಲ್ಲಿ ಇರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ 2020ರ ಫೆಬ್ರವರಿಯಿಂದ ಇದೆ.

ಅಮ್ಮ ಇಷ್ಟು ಹೊತ್ತು ಸುಮ್ಮನೆ ಸೊಪ್ಪು ಬಿಡಿಸುತ್ತಿದ್ದಳು. ಕೊನೆಗೆ ಕೇಳಿದಳು: 'ಜಾಗ ಅಂದ್ಯಲ್ಲ, ವಿಲ್ಲಂಗ ಹಾಕಿ ನೋಡಿದ್ಯಾ?' ತಮ್ಮ ನೋಡಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿಲ್ಲಂಗ ಪತ್ರದಲ್ಲಿ ಆ ಜಾಗ ಯಾರಿಂದ ಯಾರಿಗೆ ಬಂತು, ಅಡಮಾನ ಇದೆಯೇ ಎಂಬುದು ಇರುತ್ತದೆ. ಪಟ್ಟಾ ಯಾರ ಹೆಸರಲ್ಲಿದೆ, ಬಡಾವಣೆಗೆ ಒಪ್ಪಿಗೆ ಇದೆಯೇ ಎಂಬುದನ್ನೂ ಮುಂಗಡ ಕೊಡುವ ಮೊದಲೇ ನೋಡಬೇಕು.

ಅಭ್ಯಾಸ

ಬೆಲೆ 6 ಲಕ್ಷದ ನಿವೇಶನವನ್ನು ಗಂಡಸಿನ ಹೆಸರಿಗೆ ನೋಂದಾಯಿಸಿದರೆ ಶುಲ್ಕ ಎಷ್ಟು? ಹೆಂಗಸಿನ ಹೆಸರಿಗಾದರೆ ಎಷ್ಟು?

ಒಂದು ಪವನು 8 ಗ್ರಾಂ. ಇವತ್ತಿನ ಪೇಪರಿನಲ್ಲಿ 22 ಕ್ಯಾರೆಟ್ ಗ್ರಾಂ ದರ ನೋಡಿ ಮೂರು ಪವನಿನ ಬೆಲೆ ಬರೆಯಿರಿ. ದರ ನೂರಕ್ಕೆ 20 ಇಳಿದರೆ ಎಷ್ಟಾಗುತ್ತದೆ?

ನಿಮ್ಮ ಮನೆಯಲ್ಲಿ ಗಿರವಿ ಚೀಟಿ ಇದ್ದರೆ ತೆಗೆದು ಓದಿ. ಬಡ್ಡಿ ತಿಂಗಳ ಲೆಕ್ಕವೋ, ವರ್ಷದ ಲೆಕ್ಕವೋ? ಗಡುವು ಯಾವ ದಿನ? ಓದಲು ಆಗದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ಚೀಟಿಯನ್ನು ಮನೆಯಲ್ಲೇ ಜೋಪಾನವಾಗಿ ಇಡಿ.